ಮಾರ್ಕನ ಸುವಾರ್ತೆಗೆ ಕ್ರಿ.ಶ. 70 ಅಂತ ಹೇಗೆ ಹೇಳುತ್ತಾರೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಚರ್ಚಿನ ಬೈಬಲ್ ಕ್ಲಾಸಿನಲ್ಲಿ ಮಾರ್ಕ ಓದುತ್ತಿದ್ದೇವೆ. ಮುನ್ನುಡಿಯಲ್ಲಿ ಕ್ರಿ.ಶ. 70ರ ಸುಮಾರು ಬರೆದದ್ದು ಅಂತ ಇದೆ. ಸುವಾರ್ತೆಯಲ್ಲಿ ತೇದಿಯೇ ಇಲ್ಲವಲ್ಲ, ಈ 70 ಎಲ್ಲಿಂದ ಬಂತು?

ಉತ್ತರ: ನಮಸ್ಕಾರ. ಆ ವರ್ಷ ರೋಮನ್ ಸೇನಾಪತಿ ಟೈಟಸ್ ಜೆರೂಸಲೇಮನ್ನು ಹಿಡಿದ, ದೇವಾಲಯ ಸುಟ್ಟುಹೋಯಿತು. ಈಗ ಮಾರ್ಕ 13 ತೆಗೆಯಿರಿ. ಶಿಷ್ಯನೊಬ್ಬ ದೇವಾಲಯದ ಕಲ್ಲುಗಳನ್ನು ತೋರಿಸಿ ಬೆರಗಾಗುತ್ತಾನೆ. ಇಲ್ಲಿ ಕಲ್ಲಿನ ಮೇಲೆ ಕಲ್ಲು ಉಳಿಯುವುದಿಲ್ಲ ಅನ್ನುತ್ತಾನೆ ಯೇಸು. ದೇವಾಲಯ ಬಿದ್ದ ಮೇಲೆ ಬರೆದ ಮಾತೋ, ಮುಂಚಿನದೋ? ಚರ್ಚೆ ಹೆಚ್ಚಾಗಿ ಸುತ್ತುವುದು ಇದರ ಸುತ್ತಲೇ. ಬಹಳಷ್ಟು ವಿದ್ವಾಂಸರು 65ರಿಂದ 75ರ ನಡುವೆ ಇಡುತ್ತಾರೆ, ನನಗೂ ಅದೇ ಸರಿ ಅನಿಸುತ್ತದೆ.

ಪ್ರಶ್ನೆ: ಅಂದ್ರೆ ಮುಂದಾಗುವುದನ್ನು ಯಾರೂ ಹೇಳಲಾರರು ಅಂತ ಮೊದಲೇ ತೀರ್ಮಾನಿಸಿ ಲೆಕ್ಕ ಹಾಕಿದ್ದಾರೆ, ಅಲ್ವಾ?

ಉತ್ತರ: ಹಾಗೆ ವಾದಿಸಿದವರಿದ್ದಾರೆ, ಅದು ದುರ್ಬಲ ವಾದ. ರೋಮನ್ನರೊಂದಿಗಿನ ಯುದ್ಧ ಶುರುವಾಗುವ ನಾಲ್ಕು ವರ್ಷ ಮುಂಚೆಯೇ ಅನಾನಿಯನ ಮಗ ಯೇಸು ಎಂಬ ಬೇರೊಬ್ಬ ಹಳ್ಳಿಗ ಜೆರೂಸಲೇಮಿನ ಬೀದಿಗಳಲ್ಲಿ ನಗರಕ್ಕೂ ದೇವಾಲಯಕ್ಕೂ ಕೇಡು ಕಾದಿದೆ ಎಂದು ಕೂಗುತ್ತಾ ತಿರುಗಿದ ಅಂತ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಆದ್ದರಿಂದ ಆ ಮಾತೊಂದನ್ನೇ ನಂಬಬೇಡಿ. ಲೂಕನನ್ನೂ ಪಕ್ಕದಲ್ಲಿಟ್ಟು ನೋಡಿ. ಮಾರ್ಕ 13:14ರಲ್ಲಿ 'ಹಾಳುಮಾಡುವ ಅಸಹ್ಯವಸ್ತು' ಅಂತ ಒಗಟಿನಂಥ ಮಾತಿದೆ, ಜೊತೆಗೆ ಓದುವವನು ತಿಳಿದುಕೊಳ್ಳಲಿ ಎಂಬ ಎಚ್ಚರಿಕೆ. ಅದೇ ಜಾಗದಲ್ಲಿ ಲೂಕ 21:20 ನೇರವಾಗಿ, ದಂಡುಗಳು ಜೆರೂಸಲೇಮನ್ನು ಮುತ್ತುವುದನ್ನು ಕಂಡಾಗ, ಅನ್ನುತ್ತದೆ. ಮಾರ್ಕನಲ್ಲಿ ಗಂಡಾಂತರ ಇನ್ನೂ ಬಾಗಿಲಲ್ಲಿದೆ. ಲೂಕನಿಗೆ ಅದು ಮುಗಿದ ಕಥೆ ಅಂತ ನನಗೆ ಕಾಣುತ್ತದೆ.

ಪ್ರಶ್ನೆ (ಇನ್ನೊಬ್ಬರು): ಅಪೊಸ್ತಲರ ಕೃತ್ಯಗಳಲ್ಲಿ ಪೌಲನ ಸಾವೇ ಇಲ್ಲ. ಅಂದಮೇಲೆ ಅದೂ, ಅದೇ ಲೇಖಕ ಅದಕ್ಕೂ ಮುಂಚೆ ಬರೆದ ಲೂಕನೂ ಅವನು ಬದುಕಿದ್ದಾಗಲೇ ಬರೆದದ್ದು ಆಗಬೇಕಲ್ಲ?

ಉತ್ತರ: ಒಳ್ಳೆಯ ಪ್ರಶ್ನೆ. ಬೇಗ ಬರೆದದ್ದು ಅನ್ನುವವರ ಕೈಯಲ್ಲಿರುವ ಗಟ್ಟಿ ವಾದ ಇದೇ. ಜರ್ಮನಿಯ ವಿದ್ವಾಂಸ ಹಾರ್ನಾಕ್ 1911ರಲ್ಲಿ ಈ ದಾರಿ ಹಿಡಿದರು. ಇಂಗ್ಲೆಂಡಿನ ಬಿಷಪ್ ಜಾನ್ ರಾಬಿನ್‌ಸನ್ 1976ರಲ್ಲಿ ಇಡೀ ಹೊಸ ಒಡಂಬಡಿಕೆಯೇ 70ಕ್ಕೆ ಮುಂಚಿನದು ಅಂದರು. ಸುಮ್ನೆ ತಳ್ಳಿಹಾಕುವ ಮಾತಲ್ಲ. ಆದರೆ ಅಪೊಸ್ತಲರ ಕೃತ್ಯಗಳು 20:25ರಲ್ಲಿ ಪೌಲ ಎಫೆಸದ ಹಿರಿಯರಿಗೆ, ನೀವು ಇನ್ನು ನನ್ನ ಮುಖ ನೋಡುವುದಿಲ್ಲ ಅನ್ನುತ್ತಾನೆ, ಅವರು ತಬ್ಬಿಕೊಂಡು ಅಳುತ್ತಾರೆ. ಬರೆದವನಿಗೆ ಕೊನೆ ಗೊತ್ತಿತ್ತು ಅಂತ ಅದನ್ನು ಓದಿದಾಗೆಲ್ಲ ಅನಿಸುತ್ತದೆ.

ಪ್ರಶ್ನೆ: ಯೋಹಾನ ಮಾತ್ರ ಎರಡನೇ ಶತಮಾನದ ಕೊನೆಯದು ಅಂತ ಸ್ನೇಹಿತ ಹೇಳುತ್ತಾನೆ.

ಉತ್ತರ: 19ನೇ ಶತಮಾನದಲ್ಲಿ ಜರ್ಮನ್ ವಿದ್ವಾಂಸ ಬೌರ್ ಹೆಚ್ಚುಕಡಿಮೆ ಹಾಗೇ ಹೇಳಿದ್ದರು. ಈಗ ಹೆಚ್ಚಿನವರು ಹೇಳುವುದು 90ರಿಂದ 110. ಮ್ಯಾಂಚೆಸ್ಟರಿನ ರೈಲ್ಯಾಂಡ್ಸ್ ಗ್ರಂಥಾಲಯದಲ್ಲಿ ಅಂಗೈಗಿಂತ ಚಿಕ್ಕ ಪಪೈರಸ್ ಚೂರೊಂದಿದೆ, ಈಜಿಪ್ಟಿನಿಂದ ಬಂದದ್ದು. ಎರಡೂ ಬದಿಯಲ್ಲಿ ಗ್ರೀಕ್ ಅಕ್ಷರ, ಪಿಲಾತ ಯೇಸುವನ್ನು ವಿಚಾರಿಸುವ ಯೋಹಾನ 18ರ ಸಾಲುಗಳು. ತೇದಿ ಇಲ್ಲದ ಶಾಸನದ ಕಾಲವನ್ನು ಅಕ್ಷರ ನೋಡಿ ಅಂದಾಜು ಮಾಡುವ ಹಾಗೆ ನೋಡಿ, 1935ರಲ್ಲಿ ಪಪೈರಸ್ ತಜ್ಞ ರಾಬರ್ಟ್ಸ್ ಅದನ್ನು ಎರಡನೇ ಶತಮಾನದ ಮೊದಲರ್ಧಕ್ಕೆ ಹಾಕಿದರು. ಆದರೆ ಅಕ್ಷರದ ರೂಪ ಅಷ್ಟು ಬೇಗ ಬದಲಾಗದು. ಮೂರನೇ ಶತಮಾನದ ಆರಂಭವನ್ನೂ ಬಿಡುವ ಹಾಗಿಲ್ಲ ಅಂತ 2005ರಲ್ಲಿ ನಾಂಗ್‌ಬ್ರಿ ಎಂಬ ವಿದ್ವಾಂಸರು ತೋರಿಸಿದರು. ಆದ್ದರಿಂದ ಯಾರಾದರೂ ಆ ಚೂರು ಖಚಿತವಾಗಿ ಕ್ರಿ.ಶ. 125ರದು ಅಂದರೆ ದಯವಿಟ್ಟು ಒಪ್ಪಬೇಡಿ. ಸ್ನೇಹಿತನಿಗೆ ಉತ್ತರ ಬೇರೆ ಕಡೆ ಇದೆ. ಸುಮಾರು 180ರಲ್ಲಿ ಬಿಷಪ್ ಇರೆನೇಯಸ್ ನಾಲ್ಕೂ ಸುವಾರ್ತೆಗಳನ್ನು ಹೆಸರಿಟ್ಟು ಕರೆಯುತ್ತಾನೆ, ಅವು ಎಲ್ಲರಿಗೂ ಗೊತ್ತಿರುವ ಪುಸ್ತಕ ಅನ್ನುವ ಹಾಗೆ.

ಮೊದಲು ಕೇಳಿದವರಿಗೆ: ಮುಂದಿನ ಕ್ಲಾಸಿಗೆ ಮಾರ್ಕ 13, ಲೂಕ 21 ಎರಡನ್ನೂ ಒಂದೇ ಹಾಳೆಯಲ್ಲಿ ಎದುರುಬದುರು ಬರೆದುಕೊಂಡು ಹೋಗಿ. ಎಲ್ಲರೂ ಗಟ್ಟಿಯಾಗಿ ಓದಿ.