40 ಸಾವಿರದೊಳಗೆ ಮೊದಲ ಡಿಎಸ್‌ಎಲ್‌ಆರ್, ಮುಖ್ಯವಾಗಿ ರಾತ್ರಿ ಯಕ್ಷಗಾನ ತೆಗೆಯಲು. ಯಾವುದು ತಗೊಳ್ಳಲಿ?

ಕಡಲಮಗ್ಗುಲು:

ಎಲ್ಲರಿಗೂ ನಮಸ್ಕಾರ. ನಾನು ಕುಂದಾಪುರ ಕಡೆಯವನು. ಇಷ್ಟು ದಿನ ಮೊಬೈಲಿನಲ್ಲೇ ಫೋಟೋ ತೆಗೆಯುತ್ತಿದ್ದೆ. ಹಗಲಿನಲ್ಲಿ ಚೆನ್ನಾಗೇ ಬರುತ್ತದೆ, ಆದರೆ ರಾತ್ರಿ ಯಕ್ಷಗಾನದ ಆಟಕ್ಕೆ ಹೋದರೆ ಕಥೆಯೇ ಬೇರೆ. ವೇಷ ರಂಗಸ್ಥಳಕ್ಕೆ ಬಂದು ಕುಣಿಯಲು ಶುರು ಮಾಡಿದ ಕೂಡಲೇ ಕೈಕಾಲೆಲ್ಲ ಮಸುಕು, ಮುಖ ಪೂರ್ತಿ ಬೆಳ್ಳಗೆ, ಕಿರೀಟದ ಕೆಲಸ ಒಂದೂ ಕಾಣುವುದಿಲ್ಲ. ಮೇಳದ ತಿರುಗಾಟ ಶುರುವಾಗುವ ಮೊದಲು ಒಂದು ಸರಿಯಾದ ಕ್ಯಾಮೆರಾ ಕೈಯಲ್ಲಿ ಇರಬೇಕು ಅಂತ ಆಸೆ.

ಬಜೆಟ್ 40,000. ಅದಕ್ಕಿಂತ ಜಾಸ್ತಿ ಈಗ ಆಗುವುದಿಲ್ಲ. ಅಂಗಡಿಯಲ್ಲಿ ವಿಚಾರಿಸಿದಾಗ ಕ್ಯಾನನ್ 1500ಡಿ, 18-55 ಲೆನ್ಸ್ ಜೊತೆ ಹೊಸತೇ ತಗೊಳ್ಳಿ ಎಂದರು. ಒಬ್ಬ ಗೆಳೆಯ ನಿಕಾನ್ ಡಿ5600 ಸೆಕೆಂಡ್ ಹ್ಯಾಂಡ್ ನೋಡು ಎನ್ನುತ್ತಾನೆ. ಇನ್ನೊಬ್ಬ ಡಿಎಸ್‌ಎಲ್‌ಆರ್ ಕಾಲ ಮುಗಿಯಿತು, ಸುಮ್ನೆ ದುಡ್ಡು ಹಾಕಬೇಡ, ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾ ತಗೋ ಎನ್ನುತ್ತಾನೆ. ಆಟ ಬಿಟ್ಟರೆ ಮನೆಯ ಮದುವೆ, ಉಪನಯನ, ಗದ್ದೆ ಬದಿಯ ಹಕ್ಕಿ, ಅಷ್ಟೇ. ವಿಡಿಯೋ ಬೇಡ. ಬಳಸಿ ಗೊತ್ತಿರುವವರು ಹೇಳಿ.

ಘಟ್ಟದ ಮೇಲಿನವ:

ನಮಸ್ಕಾರ ಮಾರಾಯ್ರೇ. ಏನು ತೆಗೆಯಬೇಕು ಅನ್ನುವುದನ್ನು ಸರಿಯಾಗಿ ಬರೆದಿದ್ದೀರಿ, ಹಾಗಾಗಿ ಹೇಳುವುದು ಸುಲಭ. ನಾನು ಹಲವು ವರ್ಷಗಳಿಂದ ಬಡಗಿನ (ಯಕ್ಷಗಾನದ ಉತ್ತರದ ಶೈಲಿಯ) ಆಟ ತೆಗೆಯುತ್ತಿದ್ದೇನೆ. ಹೊಸ 1500ಡಿ ತಗೊಂಡು, ಜೊತೆಗೆ ಬರುವ 18-55ರಲ್ಲೇ ಆಟ ತೆಗೆಯಲು ಹೋದರೆ ನಿಮ್ಮ ಈಗಿನ ತೊಂದರೆ ಹಾಗೇ ಉಳಿಯುತ್ತದೆ. ಆ ಲೆನ್ಸನ್ನು 55ಕ್ಕೆ ಜೂಮ್ ಮಾಡಿದಾಗ ಅದು ಎಫ್/5.6ಕ್ಕಿಂತ ಅಗಲ ತೆರೆಯುವುದಿಲ್ಲ (ಎಫ್ ಸಂಖ್ಯೆ ಸಣ್ಣದಾದಷ್ಟೂ ಲೆನ್ಸ್ ಅಗಲ ತೆರೆಯುತ್ತದೆ). 50ಎಂಎಂ ಎಫ್/1.8 ಅಂತ ಒಂದು ಸಣ್ಣ ಲೆನ್ಸ್ ಇದೆಯಲ್ಲ, ಅದು ಇದರ ಸುಮಾರು ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಅಂದರೆ ಅದೇ ರಂಗಸ್ಥಳ, ಅದೇ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಇಟ್ಟುಕೊಂಡು ಕಿಟ್ ಲೆನ್ಸಿನಲ್ಲಿ, ಅಂದರೆ ಜೊತೆಗೆ ಬರುವ 18-55ರಲ್ಲಿ, 1/30 ಸೆಕೆಂಡ್ ಶಟರ್ ಸಿಗುವ ಕಡೆ ಇದರಲ್ಲಿ 1/300ರ ಹತ್ತಿರ ಸಿಗುತ್ತದೆ. ವೇಷ ಮಂಡಿ ಹಾಕಿ ತಿರುಗುವಾಗ 1/30ರಲ್ಲಿ ಏನೂ ಉಳಿಯುವುದಿಲ್ಲ. 1/300ರಲ್ಲಿ ಮುಖ ನಿಲ್ಲುತ್ತದೆ, ಬಟ್ಟೆಯ ತುದಿ ಮಾತ್ರ ಸ್ವಲ್ಪ ಅಲುಗಿರುತ್ತದೆ, ನೋಡಲು ಅದು ಚೆಂದವೇ.

ಕಿಟ್ ಲೆನ್ಸಿನಲ್ಲಿ ಸ್ಟೆಬಿಲೈಸರ್ ಇದೆ, ಅದರಿಂದ ಆಗುತ್ತದೆ ಅಂತ ಅಂಗಡಿಯಲ್ಲಿ ಹೇಳಬಹುದು. ಅದು ನಿಮ್ಮ ಕೈ ನಡುಗುವುದನ್ನು ತಡೆಯುತ್ತದೆ, ಎದುರಿಗೆ ಕುಣಿಯುವವರನ್ನು ಹೇಗೆ ತಡೆಯುತ್ತದೆ? ಫ್ಲ್ಯಾಷ್ ಯೋಚನೆಯೂ ಬೇಡ. ಕಲಾವಿದರ ಕಣ್ಣಿಗೆ ನೇರ ಹೊಡೆಯುತ್ತದೆ, ನೋಡುವವರಿಗೂ ಕಿರಿಕಿರಿ, ಮೇಲಾಗಿ ರಂಗಸ್ಥಳದ ಬಣ್ಣವೆಲ್ಲ ಸತ್ತುಹೋಗುತ್ತದೆ.

ಹಾಗಾಗಿ ನನ್ನ ಸಲಹೆ, ಮೊದಲು 50ಎಂಎಂ ಎಫ್/1.8ಕ್ಕೆ ದುಡ್ಡು ತೆಗೆದಿಡಿ. ಉಳಿದ ದುಡ್ಡಿನಲ್ಲಿ ಸೆಕೆಂಡ್ ಹ್ಯಾಂಡ್ ಮಧ್ಯಮ ದರ್ಜೆಯ ಕ್ಯಾಮೆರಾ ಹುಡುಕಿ: ಕ್ಯಾನನ್ 80ಡಿ, ಇಲ್ಲಾ ನಿಕಾನ್ ಡಿ7200. 80ಡಿ ಬಂದದ್ದು 2016ರಲ್ಲಿ, ಡಿ7200 2015ರಲ್ಲಿ. ಹಳೆಯದಾಯ್ತು ಅನಿಸಬಹುದು, ಆದರೆ ಎರಡೂ 24 ಮೆಗಾಪಿಕ್ಸೆಲ್, ಎರಡೂ ಕತ್ತಲಲ್ಲಿ ಫೋಕಸ್ ಹಿಡಿಯುವುದರಲ್ಲಿ 1500ಡಿಗಿಂತ ತುಂಬಾ ಮುಂದೆ. 1500ಡಿಯಲ್ಲಿ ಇರುವುದು 9 ಫೋಕಸ್ ಪಾಯಿಂಟ್, ಅದರಲ್ಲೂ ನಡುವಿನ ಒಂದೇ ಕ್ರಾಸ್ ಟೈಪ್ (ಅಡ್ಡ, ಉದ್ದ ಎರಡೂ ಗೆರೆಗಳ ಮೇಲೆ ಫೋಕಸ್ ಹಿಡಿಯುವಂಥದ್ದು). 80ಡಿಯಲ್ಲಿ 45, ಡಿ7200ರಲ್ಲಿ 51. ಸೆಕೆಂಡಿಗೆ 1500ಡಿ 3 ಫೋಟೋ ತೆಗೆದರೆ 80ಡಿ 7 ತೆಗೆಯುತ್ತದೆ. ಒಳ್ಳೆ ಸ್ಥಿತಿಯದ್ದು ಬಜೆಟ್ಟಿಗೆ ಸಿಗದಿದ್ದರೆ ಒಂದು ಮೆಟ್ಟಿಲು ಕೆಳಗಿನ 70ಡಿ ಅಥವಾ ಡಿ7100 ನೋಡಿ. ಯಾವುದೇ ಆಗಲಿ, ಬಾಡಿಗೋಸ್ಕರ, ಅಂದರೆ ಲೆನ್ಸ್ ಇಲ್ಲದ ಬರೀ ಕ್ಯಾಮೆರಾಗೋಸ್ಕರ, ಲೆನ್ಸಿನ ದುಡ್ಡನ್ನು ಮುಟ್ಟಬೇಡಿ.

ಬಯಲುಸೀಮೆ:

ಮೇಲಿನವರು ಹೇಳಿದ್ದು ಸರಿ. ಡಿ5600 ಬಗ್ಗೆ ಒಂದು ವಿಷಯ ಸೇರಿಸುತ್ತೇನೆ, ಯಾಕೆಂದರೆ ಇಲ್ಲೇ ತುಂಬಾ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ನಿಕಾನ್ ಡಿ3000, ಡಿ5000 ಸಾಲಿನ ಕ್ಯಾಮೆರಾಗಳ ಒಳಗೆ ಫೋಕಸ್ ಮೋಟಾರ್ ಇಲ್ಲ. ಹಳೆಯ 50ಎಂಎಂ ಎಫ್/1.8ಡಿ ಲೆನ್ಸ್ ಅಗ್ಗಕ್ಕೆ ಸಿಗುತ್ತದೆ ಅಂತ ತಗೊಂಡು ಡಿ5600ಗೆ ಹಾಕಿದರೆ ಆಟೋಫೋಕಸ್ ಆಗುವುದೇ ಇಲ್ಲ, ಕೈಯಲ್ಲೇ ತಿರುಗಿಸಬೇಕು. ಹೆಸರಿನಲ್ಲಿ ಎಎಫ್-ಎಸ್ ಅಂತ ಇರುವ 50ಎಂಎಂ ಎಫ್/1.8ಜಿ ಅಥವಾ 35ಎಂಎಂ ಎಫ್/1.8ಜಿ ತಗೊಳ್ಳಬೇಕು. ಡಿ7200ರಲ್ಲಿ ಮೋಟಾರ್ ಒಳಗೇ ಇದೆ, ಎರಡೂ ನಡೆಯುತ್ತವೆ. ಡಿ5600 ಕೆಟ್ಟ ಕ್ಯಾಮೆರಾ ಅಲ್ಲ, ಹಗುರ, ತಿರುಗುವ ಟಚ್ ಸ್ಕ್ರೀನ್ ಇದೆ, ಆದರೆ ಇದು ಗೊತ್ತಿರಲಿ.

ಮದುವೆ ಅಂದಿರಲ್ಲ, ಮುಂದೆ ಫ್ಲ್ಯಾಷ್ ಬೇಕಾಗಬಹುದು. ಕ್ಯಾನನ್ 1500ಡಿ, 3000ಡಿ, 200ಡಿ ಎರಡನೇ ಮಾದರಿ, ಈ ಮೂರರಲ್ಲೂ ಫ್ಲ್ಯಾಷ್ ಕೂರಿಸುವ ಜಾಗದ ನಡುವಿನ ಪಿನ್ ತೆಗೆದುಹಾಕಿದ್ದಾರೆ. ಬೇರೆ ಕಂಪನಿಯ ಅಗ್ಗದ ಫ್ಲ್ಯಾಷ್, ಟ್ರಿಗರ್‌ಗಳು ಹೆಚ್ಚಿನವು ಆ ಪಿನ್ ನಂಬಿಕೊಂಡೇ ಕೆಲಸ ಮಾಡುವುದು. ಅಂಗಡಿಯಲ್ಲಿ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ.

ಸೆಕೆಂಡ್ ಹ್ಯಾಂಡ್ ಆದರೆ ಫೋಟೋ ನೋಡಿ ದುಡ್ಡು ಕಳಿಸಬೇಡಿ, ಕೈಯಲ್ಲಿ ಹಿಡಿದೇ ತಗೊಳ್ಳಿ. ಲೆನ್ಸಿನ ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ, ಗಾಜಿನ ಒಳಗೆ ಬಲೆ ಬಲೆಯಾಗಿ ಕಂಡರೆ ಅದು ಫಂಗಸ್, ಅಲ್ಲೇ ವಾಪಸ್ ಕೊಟ್ಟುಬಿಡಿ. ಬಿಳಿ ಗೋಡೆಯನ್ನೋ ಖಾಲಿ ಆಕಾಶವನ್ನೋ ಎಫ್/16ರಲ್ಲಿ ತೆಗೆಯಿರಿ, ಸೆನ್ಸರ್ ಮೇಲೆ ಧೂಳು ಇದ್ದರೆ ಕಪ್ಪು ಚುಕ್ಕೆ ಕಾಣುತ್ತದೆ. ಧೂಳು ಕ್ಲೀನ್ ಮಾಡಬಹುದು, ಗೀರು ಬಿದ್ದಿದ್ದರೆ ಸರಿ ಮಾಡಲು ಆಗುವುದಿಲ್ಲ. ಶಟರ್ ಎಷ್ಟು ಓಡಿದೆ, ಅಂದರೆ ಇದುವರೆಗೆ ಎಷ್ಟು ಕ್ಲಿಕ್ ಆಗಿದೆ ಕೇಳಿ. ನಿಕಾನ್‌ನಲ್ಲಿ ಫೋಟೋ ಫೈಲಿನ ಒಳಗೇ ಆ ಲೆಕ್ಕ ಇರುತ್ತದೆ, ಕ್ಯಾನನ್‌ನಲ್ಲಿ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. 80ಡಿ ಶಟರ್ 1 ಲಕ್ಷಕ್ಕೆ, ಡಿ7200ರದ್ದು 1.5 ಲಕ್ಷಕ್ಕೆ ಪರೀಕ್ಷೆ ಮಾಡಿದ್ದು ಅಂತ ಕಂಪನಿಯ ಲೆಕ್ಕ. ಮದುವೆ ಸ್ಟುಡಿಯೋದಲ್ಲಿ ದುಡಿದ ಕ್ಯಾಮೆರಾ ಆದರೆ ಆ ಗಡಿಯ ಹತ್ತಿರ ಇರಬಹುದು. ಬಿಲ್ ಇದೆಯಾ, ಬಿಲ್ಲಿನ ಸೀರಿಯಲ್ ನಂಬರ್ ಕ್ಯಾಮೆರಾದ ಕೆಳಗಿನ ನಂಬರಿಗೆ ಹೊಂದುತ್ತದಾ ನೋಡಿ.

ಬೆಂಗಳೂರು ದಕ್ಷಿಣ:

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. 2020ರ ನಂತರ ಕ್ಯಾನನ್, ನಿಕಾನ್ ಎರಡೂ ಹೊಸ ಡಿಎಸ್‌ಎಲ್‌ಆರ್ ಮಾದರಿ ತಂದಿಲ್ಲ, ಹೊಸ ಲೆನ್ಸುಗಳೆಲ್ಲ ಮಿರರ್‌ಲೆಸ್‌ಗೇ ಬರುತ್ತಿವೆ. ಮಿರರ್‌ಲೆಸ್‌ನಲ್ಲಿ ಫೋಟೋ ಎಷ್ಟು ಬೆಳ್ಳಗೆ ಬರುತ್ತದೆ, ಎಷ್ಟು ಕಪ್ಪಾಗುತ್ತದೆ ಅನ್ನುವುದು ಕ್ಲಿಕ್ ಮಾಡುವ ಮೊದಲೇ ವ್ಯೂಫೈಂಡರಿನಲ್ಲಿ ಕಾಣುತ್ತದೆ. ಕಪ್ಪು ಹಿನ್ನೆಲೆ, ಹೊಳೆಯುವ ವೇಷ, ಹೊಸಬರಿಗೆ ಇದು ದೊಡ್ಡ ಸಹಾಯ ಅಲ್ವಾ? ಸೋನಿ ಎ6000 2014ರ ಕ್ಯಾಮೆರಾ, ಹಳೆಯದು ಸಿಗುತ್ತದೆ, ಸೆಕೆಂಡಿಗೆ 11 ಫೋಟೋ ತೆಗೆಯುತ್ತದೆ. ಆದರೆ ಕ್ಯಾನನ್ ಎಂ50 ಅಗ್ಗ ಅಂತ ಅದಕ್ಕೆ ಹೋಗಬೇಡಿ. ಆ ಮೌಂಟನ್ನೇ (ಲೆನ್ಸ್ ಕೂರಿಸುವ ಬಗೆ) ಕಂಪನಿ ಕೈಬಿಟ್ಟಿದೆ, ಅದರ ಲೆನ್ಸುಗಳು ಹೊಸ ಆರ್ ಸಾಲಿನ ಕ್ಯಾಮೆರಾಗೆ ಕೂರುವುದಿಲ್ಲ.

ಘಟ್ಟದ ಮೇಲಿನವ:

ನೀವು ಹೇಳಿದ್ದು ಒಪ್ಪುತ್ತೇನೆ, ಬಜೆಟ್ 80 ಸಾವಿರ ಇದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. 40ರಲ್ಲಿ ಎ6000 ಬಾಡಿ ಬಂದರೂ ಅದಕ್ಕೆ ಒಳ್ಳೆಯ ಎಫ್/1.8 ಲೆನ್ಸ್ ಹುಡುಕುವಾಗ ಕಷ್ಟ ಗೊತ್ತಾಗುತ್ತದೆ. ಕ್ಯಾನನ್ ಡಿಎಸ್‌ಎಲ್‌ಆರ್‌ಗೆ ಹಾಕುವ ಇಎಫ್ ಲೆನ್ಸುಗಳು ಮಾರುಕಟ್ಟೆಯಲ್ಲಿ ರಾಶಿ ಇವೆ. ಇವತ್ತು ಕೊಂಡ ಇಎಫ್ 50ಎಂಎಂ ಮುಂದೆ ಆರ್ ಸಾಲಿನ ಮಿರರ್‌ಲೆಸ್ ತಗೊಂಡರೆ ಅಡಾಪ್ಟರ್ ಹಾಕಿ ಆಟೋಫೋಕಸ್ ಸಮೇತ ಬಳಸಬಹುದು. ಹಾಕಿದ ದುಡ್ಡು ಎಲ್ಲೂ ಹೋಗುವುದಿಲ್ಲ.

ಚೌಕಿಯ ಹಿಂದೆ:

ನಾನು ತೆಂಕುತಿಟ್ಟಿನ (ದಕ್ಷಿಣದ ಶೈಲಿಯ) ಆಟಗಳನ್ನು ಜಾಸ್ತಿ ತೆಗೆಯುವವಳು. ಯಾವ ಕ್ಯಾಮೆರಾ ಅನ್ನುವುದು ಮೇಲೆ ಚೆನ್ನಾಗಿ ಬಂದಿದೆ. ತಗೊಂಡ ಮೇಲಿನ ಎರಡು ವಿಷಯ ಹೇಳಬೇಕು.

ಒಂದನೆಯದು ನಮ್ಮ ಕರಾವಳಿಯ ಹವೆ. ಪತ್ತನಾಜೆ (ಮಳೆಗಾಲಕ್ಕೆ ಮೊದಲು ತಿರುಗಾಟ ಮುಗಿಯುವ ದಿನ) ಆಯಿತು, ಮೇಳ ಒಳಗಾಯಿತು, ಕ್ಯಾಮೆರಾವನ್ನು ಚೀಲದಲ್ಲಿ ಹಾಕಿ ಕಪಾಟಿನಲ್ಲಿಟ್ಟು ಮಳೆಗಾಲ ಪೂರ್ತಿ ಮರೆತುಬಿಟ್ಟರೆ ದೀಪಾವಳಿಗೆ ತೆಗೆಯುವಾಗ ಲೆನ್ಸಿನಲ್ಲಿ ಫಂಗಸ್ ಬಂದಿರುತ್ತದೆ. ಬಟ್ಟೆಯ ಚೀಲವೇ ತೇವ ಹಿಡಿದಿಡುತ್ತದೆ. ರಬ್ಬರ್ ಬಿಗಿ ಇರುವ ಮುಚ್ಚಳದ ಒಂದು ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವಾಂಶ ತೋರಿಸುವ ಒಂದು ಸಣ್ಣ ಮೀಟರ್ ಸಾಕು. ಮೀಟರ್ 40ರಿಂದ 50 ಶೇಕಡಾ ನಡುವೆ ಇರಲಿ. ಜೆಲ್ ಬಣ್ಣ ಬದಲಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಹಾಕಬಹುದು, ಆದರೆ ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ. ಈ ಡಬ್ಬಿಯ ಖರ್ಚನ್ನು ನಿಮ್ಮ 40 ಸಾವಿರದಲ್ಲೇ ಸೇರಿಸಿಕೊಳ್ಳಿ.

ಎರಡನೆಯದು ರಂಗಸ್ಥಳದ ದೀಪ. ಟ್ಯೂಬ್‌ಲೈಟ್, ಕೆಲವು ಎಲ್‌ಇಡಿ ದೀಪಗಳು ನಮ್ಮ ಕಣ್ಣಿಗೆ ಕಾಣದಂತೆ ಸೆಕೆಂಡಿಗೆ 100 ಸಲ ಮಿನುಗುತ್ತವೆ, ನಮ್ಮ ಕರೆಂಟ್ 50 ಹರ್ಟ್ಸ್ ಆದ್ದರಿಂದ. ಶಟರ್ ಜೋರಾಗಿಟ್ಟರೆ ಒಂದು ಫೋಟೋ ಬೆಳ್ಳಗೆ, ಮುಂದಿನದು ಹಳದಿ, ಅದರ ಮುಂದಿನದು ಅರ್ಧ ಕಪ್ಪು. ಕ್ಯಾಮೆರಾ ಕೆಟ್ಟಿದೆ ಅಂತ ಹೆದರಬೇಡಿ. 80ಡಿಯಲ್ಲಿ ಮಿನುಗು ತಡೆಯುವ ಆಯ್ಕೆ ಇದೆ, ದೀಪ ಪೂರ್ತಿ ಬೆಳಗುವ ಕ್ಷಣ ನೋಡಿ ಕ್ಲಿಕ್ ಮಾಡುತ್ತದೆ. ನನ್ನ ಲೆಕ್ಕದಲ್ಲಿ ನಿಮಗೆ ಡಿ7200ಗಿಂತ 80ಡಿ ಹೊಂದುವುದು ಇದೊಂದು ಕಾರಣಕ್ಕೇ. ಮಿರರ್‌ಲೆಸ್‌ನ ಎಲೆಕ್ಟ್ರಾನಿಕ್ ಶಟರ್‌ನಲ್ಲಂತೂ ಇಂಥ ದೀಪದ ಕೆಳಗೆ ಫೋಟೋದ ಮೇಲೇ ಪಟ್ಟೆ ಬೀಳುತ್ತದೆ.

ಕಡಲಮಗ್ಗುಲು:

ಎಲ್ಲರಿಗೂ ತುಂಬಾ ಧನ್ಯವಾದ. 80ಡಿ ಬಾಡಿ, 50ಎಂಎಂ ಎಫ್/1.8, ಒಂದು ಡಬ್ಬಿ ಅಂತ ತೀರ್ಮಾನ ಮಾಡಿದೆ, ಉಡುಪಿಯಲ್ಲೂ ಮಂಗಳೂರಿನಲ್ಲೂ ವಿಚಾರಿಸುತ್ತೇನೆ. ಇನ್ನೆರಡು ಪ್ರಶ್ನೆ. ಜೂಮ್ ಇಲ್ಲದ 50ರಲ್ಲಿ ದೂರದಿಂದ ಆಗುತ್ತದಾ? ಶುರುವಿಗೆ ಸೆಟ್ಟಿಂಗ್ ಏನಿಡಲಿ?

ಚೌಕಿಯ ಹಿಂದೆ:

ಸಣ್ಣ ಸೆನ್ಸರ್ ಆದ್ದರಿಂದ 50ಎಂಎಂ ಅನ್ನುವುದು 80ಎಂಎಂನಷ್ಟು ಹತ್ತಿರ ತೋರಿಸುತ್ತದೆ. ರಂಗಸ್ಥಳದ ಮುಂಭಾಗದ ಬದಿಯಲ್ಲಿ, ಕೂತವರಿಗೆ ಅಡ್ಡ ಬಾರದ ಹಾಗೆ ನೆಲಕ್ಕೆ ಕೂತರೆ ಒಂದು ವೇಷ ತಲೆಯಿಂದ ಕಾಲಿನವರೆಗೆ ಸಿಗುತ್ತದೆ. ಹಿಂದಿನ ಸಾಲಿನಿಂದ ಆಗುವುದಿಲ್ಲ. ಆಟ ಆಡಿಸುವವರನ್ನು ಮೊದಲೇ ಕೇಳಿಕೊಂಡರೆ ಜಾಗ ಕೊಡುತ್ತಾರೆ, ಚೌಕಿಯಲ್ಲಿ ಬಣ್ಣ ಹಚ್ಚುವುದನ್ನು ತೆಗೆಯಲು ಮಾತ್ರ ಕಲಾವಿದರನ್ನೇ ಕೇಳಿ.

ಮ್ಯಾನುವಲ್ ಮೋಡ್‌ನಲ್ಲಿ ಎಫ್/2.2, 1/320, ಐಎಸ್‌ಒ 3200ರಿಂದ ಶುರು ಮಾಡಿ, ಮುಖದ ಬಣ್ಣ ನೋಡಿಕೊಂಡು ಐಎಸ್‌ಒ ಏರಿಸಿ ಇಳಿಸಿ. ಆಟೋ ಬಿಟ್ಟರೆ ಕ್ಯಾಮೆರಾ ಕಪ್ಪು ಹಿನ್ನೆಲೆಯನ್ನು ನೋಡಿ ಎಲ್ಲವನ್ನೂ ಬೆಳಗಿಸಲು ಹೋಗುತ್ತದೆ, ಮೊಬೈಲಿನಲ್ಲಿ ಮುಖ ಬೆಳ್ಳಗಾಗುತ್ತಿದ್ದುದೂ ಅದರಿಂದಲೇ. ಫೋಕಸ್ ಎಐ ಸರ್ವೋ (ಚಲಿಸುವವರನ್ನು ಬಿಡದೆ ಹಿಂಬಾಲಿಸುವ ಬಗೆ), ಒಂದೇ ಪಾಯಿಂಟ್, ಅದು ಕಣ್ಣಿನ ಮೇಲೆ ಇರಲಿ. ಕಿರೀಟದ ಹೊಳಪು ಫೋಕಸನ್ನು ತನ್ನ ಕಡೆ ಎಳೆಯುತ್ತದೆ, ಅದೊಂದು ಎಚ್ಚರ. ರಾ ಫೈಲ್‌ನಲ್ಲೇ (ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸುವ ಫೈಲ್) ತೆಗೆಯಿರಿ, ಕೆಂಪು ನೀಲಿ ದೀಪದ ಬಣ್ಣ ಆಮೇಲೆ ಸರಿ ಮಾಡಲು ಅದು ಬೇಕೇ ಬೇಕು. ಡಾರ್ಕ್‌ಟೇಬಲ್ ಅಂತ ಉಚಿತ ಸಾಫ್ಟ್‌ವೇರ್ ಇದೆ, ಕಾಳುಕಾಳು ಬಂದದ್ದನ್ನೂ ಅದರಲ್ಲೇ ಕಡಿಮೆ ಮಾಡಬಹುದು.

ಘಟ್ಟದ ಮೇಲಿನವ:

ಹಕ್ಕಿ ಬಗ್ಗೆ ಯಾರೂ ಹೇಳಲಿಲ್ಲ. ಈಗ ಬೇಡ, ಮುಂದೆ ದುಡ್ಡು ಆದಾಗ ಕ್ಯಾನನ್ 55-250 ಎಸ್‌ಟಿಎಂ ಹಳೆಯದು ಹುಡುಕಿ. 250ರಲ್ಲಿ ಅದು 400ಎಂಎಂನಷ್ಟು ಹತ್ತಿರ ತರುತ್ತದೆ, ಬೆಳಗಿನ ಬಿಸಿಲಿನಲ್ಲಿ ಗದ್ದೆ ಬದಿಯ ಕೊಕ್ಕರೆ, ಮಿಂಚುಳ್ಳಿಗೆ ಸಾಕಾಗುತ್ತದೆ. ಮದುವೆಗೆ ಸದ್ಯಕ್ಕೆ 18-55 ಯಾರದ್ದಾದರೂ ಕೇಳಿ ಬಳಸಿ, ಹಗಲು ಅದು ಒಳ್ಳೆಯ ಲೆನ್ಸೇ.