ಸಿವಿಕ್ ಹಿಂದಿನ ಬ್ರೇಕ್ ಪಿಸ್ಟನ್ ಒಳಗೆ ಹೋಗುತ್ತಿಲ್ಲ, ಯಾವ ಟೂಲ್ ತಗೊಳ್ಳಲಿ?

ಕುಂದಾಪ್ರ_ಸಿವಿಕ್:

ಎಲ್ಲರಿಗೂ ನಮಸ್ಕಾರ. ನನ್ನದು 2010ರ ಹೋಂಡಾ ಸಿವಿಕ್, 1.8 ಪೆಟ್ರೋಲ್, ಮ್ಯಾನುವಲ್ ಗೇರ್. ಸೆಕೆಂಡ್ ಹ್ಯಾಂಡ್ ತಗೊಂಡು ನಾಲ್ಕು ವರ್ಷ ಆಯಿತು. ಇರುವುದು ಕುಂದಾಪುರದಲ್ಲಿ, ಅಂದರೆ ನಾಲ್ಕು ತಿಂಗಳು ಮಳೆ, ಉಳಿದ ಎಂಟು ತಿಂಗಳು ಉಪ್ಪು ಗಾಳಿ. ಕಾರಿನ ಅಡಿಯಲ್ಲಿ ಕಬ್ಬಿಣ ಅಂತ ಏನಿದೆಯೋ ಅದಕ್ಕೆಲ್ಲ ತುಕ್ಕು.

ತಾಪತ್ರಯ ಶುರುವಾಗಿದ್ದು ಹ್ಯಾಂಡ್‌ಬ್ರೇಕ್‌ನಿಂದ. ಲಿವರ್ ಎಳೆದಷ್ಟೂ ಮೇಲೆ ಬರುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಹೋದ ತಿಂಗಳು ಮಣಿಪಾಲದಲ್ಲಿ ಇಳಿಜಾರಿನಲ್ಲಿ ನಿಲ್ಲಿಸಿ ಚಾ ಕುಡಿಯಲು ಇಳಿದೆ, ಬಾಗಿಲು ಹಾಕುವಷ್ಟರಲ್ಲಿ ಕಾರು ಮೆಲ್ಲಗೆ ಹೊರಟಿತ್ತು ಮಾರಾಯ್ರೇ. ನ್ಯೂಟ್ರಲ್‌ನಲ್ಲಿ ಬಿಟ್ಟಿದ್ದು ನನ್ನದೇ ತಪ್ಪು, ಓಡಿ ಹತ್ತಿ ಬ್ರೇಕ್ ಒತ್ತಿದೆ. ಅವತ್ತಿನಿಂದ ಗೇರ್ ಹಾಕಿ, ಚಕ್ರಕ್ಕೆ ಒಂದು ಕಲ್ಲು ಕೊಟ್ಟು ನಿಲ್ಲಿಸುತ್ತಿದ್ದೇನೆ. ಕಲ್ಲು ಡಿಕ್ಕಿಯಲ್ಲೇ ಇರುತ್ತದೆ.

ಇಲ್ಲೇ ಒಂದು ಗ್ಯಾರೇಜಿಗೆ ತೋರಿಸಿದೆ. ಕೇಬಲ್ ಟೈಟ್ ಮಾಡಿ ಕೊಟ್ಟರು, ಹತ್ತು ದಿನ ಸರಿ ಇತ್ತು, ಮತ್ತೆ ಅದೇ ಕಥೆ. ಎರಡನೇ ಸಲ ಹೋದಾಗ ಹಿಂದಿನ ಪ್ಯಾಡ್ ಮುಗಿದಿದೆ ಅಂದರು. ಹುಡುಗ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಬಿಚ್ಚಿ, ಹೊಸ ದಪ್ಪ ಪ್ಯಾಡಿಗೆ ಜಾಗ ಆಗಲಿ ಅಂತ ದೊಡ್ಡ ಸ್ಕ್ರೂಡ್ರೈವರ್ ಕೊಟ್ಟು ಪಿಸ್ಟನ್ ಒಳಗೆ ಮೀಟಲು ನೋಡಿದ, ಹೋಗಲಿಲ್ಲ. ಸುತ್ತಿಗೆ ತರಲು ಒಳಗೆ ಹೋದ. ನಾನು ಬೇಡಪ್ಪಾ ಅಂತ ಹೇಳಿ ಹಳೇ ಪ್ಯಾಡನ್ನೇ ಹಾಕಿಸಿಕೊಂಡು ಮನೆಗೆ ಬಂದೆ.

ಮುಂದಿನ ಪ್ಯಾಡ್ ನಾನೇ ಎರಡು ಸಲ ಬದಲಾಯಿಸಿದ್ದೇನೆ. ಅಲ್ಲಿ ಸಿ ಕ್ಲಾಂಪ್ ಹಾಕಿ ಬಿಗಿದರೆ ಪಿಸ್ಟನ್ ಆರಾಮಾಗಿ ಒಳಗೆ ಹೋಗುತ್ತದೆ. ಹಿಂದೆ ಅದೇ ಕ್ಲಾಂಪ್ ಹಾಕಿದರೆ ಕ್ಲಾಂಪೇ ಬಾಗುವ ಹಾಗಾಯಿತು, ಪಿಸ್ಟನ್ ಅಲ್ಲಾಡಲಿಲ್ಲ. ಅದರ ಮುಖದಲ್ಲಿ ಪ್ಲಸ್ ಗುರುತಿನ ಹಾಗೆ ಕಚ್ಚು ಇದೆ, ಹಾಗಾಗಿ ತಿರುಗಿಸಬೇಕೇನೋ ಅಂತ ಅನುಮಾನ. ಆನ್‌ಲೈನ್‌ನಲ್ಲಿ ಹುಡುಕಿದರೆ ಎರಡು ತರಹ ಕಾಣುತ್ತದೆ. ಒಂದು ದಾಳದ ಹಾಗಿರುವ ಚೌಕದ ತುಂಡು, ಪ್ರತಿ ಮುಖದಲ್ಲೂ ಬೇರೆ ಬೇರೆ ಗುಬುಟು. ಇನ್ನೊಂದು ಪೆಟ್ಟಿಗೆಯಲ್ಲಿ ಬರುವ ದೊಡ್ಡ ಸೆಟ್, ಬಿಲ್ಲೆಗಳೇ ಹತ್ತು ಹದಿನೈದು ಇವೆ. ಯಾವುದು ತಗೊಳ್ಳಲಿ? ತಿರುಗಿಸುವುದು ಎಡಕ್ಕೋ ಬಲಕ್ಕೋ? ಎರಡೂ ಚಕ್ರಕ್ಕೆ ಒಂದೇ ದಿಕ್ಕಾ?

ಗ್ರೀಸ್_ಕೈ:

ಸುತ್ತಿಗೆ ಬರುವ ಮೊದಲೇ ಕಾರು ತಂದಿರಲ್ಲ, ಒಳ್ಳೇದಾಯಿತು.

ಮೊದಲು ಒಳಗೆ ಏನಿದೆ ಅಂತ ಗೊತ್ತಾದರೆ ಟೂಲ್ ಯಾವುದು ಅನ್ನೋದು ತಾನಾಗೇ ಗೊತ್ತಾಗುತ್ತದೆ. ಮುಂದಿನ ಕ್ಯಾಲಿಪರ್‌ನಲ್ಲಿ ಪಿಸ್ಟನ್ ಹಿಂದೆ ಬರೀ ಬ್ರೇಕ್ ಎಣ್ಣೆ, ಒತ್ತಿದರೆ ಎಣ್ಣೆ ವಾಪಸ್ ಡಬ್ಬಿಗೆ ಹೋಗುತ್ತದೆ, ಅಷ್ಟೇ. ನಿಮ್ಮ ಸಿವಿಕ್‌ನಲ್ಲಿ ಹಿಂದಿನ ಕ್ಯಾಲಿಪರ್‌ಗೆ ಎರಡು ಕೆಲಸ. ಕಾಲಿನ ಬ್ರೇಕ್ ಒತ್ತಿದಾಗ ಎಣ್ಣೆ ತಳ್ಳುತ್ತದೆ, ಹ್ಯಾಂಡ್‌ಬ್ರೇಕ್ ಎಳೆದಾಗ ಕೇಬಲ್ ಬಂದು ಕ್ಯಾಲಿಪರ್ ಹಿಂದಿನ ಪುಟ್ಟ ಲಿವರ್ ತಿರುಗಿಸುತ್ತದೆ, ಆ ಲಿವರ್ ಒಳಗಿರುವ ಒಂದು ಸ್ಕ್ರೂವನ್ನು ಮುಂದಕ್ಕೆ ತಳ್ಳುತ್ತದೆ, ಪಿಸ್ಟನ್ ಆ ಸ್ಕ್ರೂ ಮೇಲೆ ಕೂತಿರುತ್ತದೆ. ಪ್ಯಾಡ್ ಸವೆದ ಹಾಗೆ ಪಿಸ್ಟನ್ ಆ ಸ್ಕ್ರೂ ಮೇಲೆ ಸ್ವಲ್ಪ ಸ್ವಲ್ಪವೇ ಮುಂದೆ ಬಂದು ಅಡ್ಜಸ್ಟ್ ಆಗುತ್ತದೆ. ಈಗ ನೀವು ನೇರ ಒತ್ತಿದರೆ ಬೋಲ್ಟಿನ ಮೇಲಿರುವ ನಟ್ಟನ್ನು ತಿರುಗಿಸದೆ ಬರೀ ತಳ್ಳಿದ ಹಾಗೆ. ಜಾಸ್ತಿ ಬಲ ಕೊಟ್ಟರೆ ಒಳಗಿನ ಅಡ್ಜಸ್ಟರ್ ಮುರಿಯುತ್ತದೆ, ಆಮೇಲೆ ಕ್ಯಾಲಿಪರ್ರೇ ಹೊಸದು.

ಸಿವಿಕ್‌ನಲ್ಲಿ ಎರಡೂ ಕಡೆ ಪ್ರದಕ್ಷಿಣೆ ದಿಕ್ಕಿನಲ್ಲಿ, ಅಂದರೆ ಗಡಿಯಾರದ ಮುಳ್ಳು ಹೋಗುವ ಕಡೆ ತಿರುಗಿಸಿದರೆ ಒಳಗೆ ಹೋಗುತ್ತದೆ. ಎಲ್ಲಾ ಕಾರಿಗೂ ಹೀಗಲ್ಲ. ಕೆಲವು ಕಾರುಗಳಲ್ಲಿ ಒಂದು ಕಡೆ ಉಲ್ಟಾ ಇರುತ್ತದೆ, ಅದಕ್ಕೇ ದೊಡ್ಡ ಸೆಟ್‌ನಲ್ಲಿ ಬಲ ಥ್ರೆಡ್ಡಿನದೊಂದು ಎಡ ಥ್ರೆಡ್ಡಿನದೊಂದು ಎರಡು ಸ್ಕ್ರೂ ಕೊಡುತ್ತಾರೆ.

ಟೂಲ್ ವಿಷಯಕ್ಕೆ ಬಂದರೆ, ಪೆಟ್ಟಿಗೆ ಸೆಟ್ಟೇ ತಗೊಳ್ಳಿ. ಪಿಸ್ಟನ್ ತಿರುಗಬೇಕು, ಜೊತೆಗೆ ಒತ್ತಡವೂ ಬೇಕು. ಆ ಸೆಟ್‌ನಲ್ಲಿ ಒಂದು ಕಡೆ ಕ್ಯಾಲಿಪರ್ ಬೆರಳಿಗೆ ಒರಗುವ ತಗಡು, ಇನ್ನೊಂದು ಕಡೆ ಪಿಸ್ಟನ್ ಕಚ್ಚಿಗೆ ಕೂರುವ ಬಿಲ್ಲೆ, ನಡುವೆ ಥ್ರೆಡ್ ಇರುವ ಸ್ಕ್ರೂ. ಸ್ಕ್ರೂ ತಿರುಗಿಸಿದರೆ ತಿರುಗುವುದೂ ಒತ್ತುವುದೂ ಒಟ್ಟಿಗೇ ಆಗುತ್ತದೆ. ದಾಳದ ಟೂಲ್ ತಿರುಗಿಸುತ್ತದೆ, ಒತ್ತಡ ನಿಮ್ಮ ಕೈಯಿಂದಲೇ ಬರಬೇಕು. ತುಕ್ಕು ಹಿಡಿದ ಕ್ಯಾಲಿಪರ್‌ಗೆ ಅದು ಜಾರಿ ಜಾರಿ ಗೆಣ್ಣು ಸುಲಿಯುತ್ತದೆ. ನಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿ ಅಂಗಡಿ ತಿರುಗಿ ತಗೊಂಡೆ, ಈಗ ಆನ್‌ಲೈನ್‌ನಲ್ಲೇ ಸಿಗುತ್ತದೆ. ಬಿಲ್ಲೆಗಳ ಚಿತ್ರ ನೋಡಿ, ನಿಮ್ಮ ಪಿಸ್ಟನ್ ಕಚ್ಚಿಗೆ ಹೊಂದುವುದು ಇದೆಯಾ ಅಂತ ನೋಡಿಕೊಂಡೇ ದುಡ್ಡು ಕೊಡಿ.

ಟೂಲ್‌ಗಿಂತ ದೊಡ್ಡ ವಿಷಯ ಒಂದಿದೆ, ನಿಮ್ಮ ಕೇಸಿನಲ್ಲಿ ಅದೇ ಅಸಲಿ ರೋಗ ಅನಿಸುತ್ತದೆ. ಗ್ಯಾರೇಜಿನವರು ಕೇಬಲ್ ಟೈಟ್ ಮಾಡಿದರು ಅಂದಿರಲ್ಲ, ಅದು ತಪ್ಪು ಕಡೆಯಿಂದ ಮಾಡಿದ ರಿಪೇರಿ. ಹ್ಯಾಂಡ್‌ಬ್ರೇಕ್ ಬಿಟ್ಟಾಗ ಕ್ಯಾಲಿಪರ್ ಹಿಂದಿನ ಲಿವರ್ ಪೂರ್ತಿ ವಾಪಸ್ ಬಂದು ತನ್ನ ತಡೆಗೆ ತಾಗಿ ನಿಲ್ಲಬೇಕು. ಕೇಬಲ್ ಎಳೆದು ಕಟ್ಟಿದರೆ ಅದು ಪೂರ್ತಿ ವಾಪಸ್ ಬರುವುದಿಲ್ಲ, ಒಳಗಿನ ಅಡ್ಜಸ್ಟರ್ ಕೆಲಸ ಮಾಡುವುದಿಲ್ಲ, ಪ್ಯಾಡ್ ಸವೆದಷ್ಟೂ ಹ್ಯಾಂಡ್‌ಬ್ರೇಕ್ ಲಿವರ್ ಸಡಿಲ. ಆಗ ಮತ್ತೆ ಟೈಟ್, ಮತ್ತೆ ಸಡಿಲ. ಹಾಗಾಗಿ ಕೆಲಸ ಶುರು ಮಾಡುವ ಮೊದಲು ಒಳಗೆ ಹ್ಯಾಂಡ್‌ಬ್ರೇಕ್ ಬುಡದ ಅಡ್ಜಸ್ಟಿಂಗ್ ನಟ್ ಪೂರ್ತಿ ಸಡಿಲ ಮಾಡಿ. ಅದನ್ನು ಮತ್ತೆ ಮುಟ್ಟುವುದು ಎಲ್ಲ ಮುಗಿದ ಮೇಲೆಯೇ.

ಹುಬ್ಳಿ_ಪಾನಾ:

ಗ್ರೀಸ್ ಕೈ ಸರ್ ಹೇಳಿದ್ದೆಲ್ಲ ಖರೆ, ಆದರೆ ಐದು ವರ್ಷಕ್ಕೊಮ್ಮೆ ಮಾಡುವ ಕೆಲಸಕ್ಕೆ ದೊಡ್ಡ ಪೆಟ್ಟಿಗೆ ಯಾಕೆ ರೀ? ನಾನು ನನ್ನ ಸಿವಿಕ್‌ಗೆ ಉದ್ದ ಮೂತಿಯ ನೋಸ್ ಪ್ಲೈಯರ್ ಸ್ವಲ್ಪ ಅಗಲಿಸಿ ಆ ಪ್ಲಸ್ ಕಚ್ಚಿಗೆ ಕೊಟ್ಟು ತಿರುಗಿಸಿದೆ. ಒಂದು ಕಡೆಗೆ ಇಪ್ಪತ್ತು ನಿಮಿಷ ಹಿಡಿಯಿತು, ಬೆವರು ಬಂತು, ಆದರೂ ಹೋಯಿತು. ನನ್ನ ಗೆಳೆಯನೊಬ್ಬ ಗ್ರೈಂಡರ್ ಬಿಲ್ಲೆ ಬಿಚ್ಚುವ ಎರಡು ಮೊಳೆಯ ಪಾನಾದಲ್ಲೇ ಬೇರೆ ಕಾರಿಗೆ ಮಾಡಿದ್ದಾನೆ.

ಒಂದು ವಿಷಯ ಯಾರೂ ಹೇಳಿಲ್ಲ, ಹೋಂಡಾದಲ್ಲಿ ಅದು ಬಹಳ ಮುಖ್ಯ. ಒಳಗಿನ ಪ್ಯಾಡ್ ಬೆನ್ನಿಗೆ ಒಂದು ಸಣ್ಣ ಗುಬುಟು ಇರುತ್ತದೆ. ಪಿಸ್ಟನ್ ಒಳಗೆ ಹೋದ ಮೇಲೆ ಅದರ ಕಚ್ಚು ಆ ಗುಬುಟಿಗೆ ಸರಿಯಾಗಿ ಎದುರು ಬರುವ ಹಾಗೆ ಸ್ವಲ್ಪ ಹಿಂದಕ್ಕೆ ತಿರುಗಿಸಿ ನಿಲ್ಲಿಸಬೇಕು. ನಾನು ಮೊದಲ ಸಲ ನೋಡಲಿಲ್ಲ. ಪ್ಯಾಡ್ ಓರೆಯಾಗಿ ಕೂತು ಮೂರು ತಿಂಗಳಲ್ಲಿ ಒಂದು ತುದಿ ಮಾತ್ರ ಸವೆದು ಹೋಯಿತು. ಪ್ಯಾಡ್ ತಿರುಗದ ಹಾಗೆ ಹಿಡಿಯುವುದಲ್ಲ ಅದು, ಪಿಸ್ಟನ್ ತಿರುಗದ ಹಾಗೆ ಪ್ಯಾಡ್ ಹಿಡಿಯುತ್ತದೆ. ಪಿಸ್ಟನ್ ಸುಮ್ನೆ ತಿರುಗಿಬಿಟ್ಟರೆ ಅಡ್ಜಸ್ಟರ್ ಕೆಲಸ ಮಾಡಲ್ಲ.

ಹಂಗೇ ಪಿಸ್ಟನ್ ಸುತ್ತಲಿನ ರಬ್ಬರ್ ಬೂಟು ನೋಡುತ್ತಾ ತಿರುಗಿಸಿ. ಪಿಸ್ಟನ್ ಜೊತೆ ಅದೂ ಸುತ್ತಿಕೊಂಡು ಮುದುಡಿದರೆ ಹರಿಯುತ್ತದೆ. ನಿಮ್ಮ ಊರ ಮಳೆಗೆ ಹರಿದ ಬೂಟು ಅಂದರೆ ಒಂದೇ ಮಳೆಗಾಲ, ಪಿಸ್ಟನ್ ತುಕ್ಕು ಹಿಡಿದು ಮುಗಿಯಿತು.

ಮಿಶಿಗನ್_ಮೈಸೂರಿಗ:

ತುಕ್ಕಿನ ವಿಷಯದಲ್ಲಿ ಕುಂದಾಪುರಕ್ಕೂ ನಮ್ಮ ಮಿಶಿಗನ್‌ಗೂ ನೆಂಟಸ್ತನ ಇದೆ. ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಸುರಿಯುತ್ತಾರೆ, ಕಾರಿನ ಹೊಟ್ಟೆ ಎಲ್ಲ ಅದೇ ಉಪ್ಪು ನೀರು.

ಇಲ್ಲಿ ಒಂದು ಸುಖ ಇದೆ, ಅದು ನಮ್ಮೂರಿಗೂ ಬರಬೇಕು ಅನಿಸುತ್ತದೆ. ಆಟೋಜೋನ್ ತರಹದ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಈ ಪೆಟ್ಟಿಗೆಯನ್ನೇ ಎರವಲು ಕೊಡುತ್ತಾರೆ. ಡೆಪಾಸಿಟ್ ಕಟ್ಟಿ ತಗೊಂಡು ಹೋಗಿ, ಕೆಲಸ ಮುಗಿಸಿ ವಾಪಸ್ ಕೊಟ್ಟರೆ ದುಡ್ಡು ವಾಪಸ್. ನಾನು ಮೊದಲು ದಾಳ ತಗೊಂಡೆ, ಅದು ನನ್ನ ಕಾರಿನ ಕಚ್ಚಿಗೆ ಸಡಿಲವಾಗಿ ಕೂತು ಎರಡು ಗುಬುಟು ಮುರಿಯಿತು. ಈಗ ಅದು ಪೇಪರ್ ಹಾರದ ಹಾಗೆ ಇಡಲು ಬರುತ್ತದೆ.

ಕುಂದಾಪ್ರ ಅವರೇ, ಒಂದು ಪರೀಕ್ಷೆ ಮಾಡಿ, ಟೂಲ್ ಬರುವ ಮೊದಲೇ ಮಾಡಬಹುದು. ಒಬ್ಬರು ಒಳಗೆ ಕೂತು ಹ್ಯಾಂಡ್‌ಬ್ರೇಕ್ ಎಳೆದು ಬಿಡಲಿ, ನೀವು ಚಕ್ರದ ಹಿಂದೆ ಟಾರ್ಚ್ ಹಾಕಿ ಕ್ಯಾಲಿಪರ್ ಲಿವರ್ ನೋಡಿ. ಬಿಟ್ಟ ತಕ್ಷಣ ಟಪ್ ಅಂತ ವಾಪಸ್ ಬರಬೇಕು. ಬರದಿದ್ದರೆ ಕೇಬಲ್ ತುದಿ ಬಿಚ್ಚಿ ಲಿವರ್ ಕೈಯಲ್ಲೇ ತಿರುಗಿಸಿ ಬಿಡಿ. ಆಗ ಸ್ಪ್ರಿಂಗ್ ಅದನ್ನು ವಾಪಸ್ ತಂದರೆ ಕೇಬಲ್ ಜಾಮ್, ಆಗಲೂ ಬರದಿದ್ದರೆ ಕ್ಯಾಲಿಪರ್ ಲಿವರ್ ಜಾಮ್. ಕ್ಯಾಲಿಪರ್ ಜಾಮ್ ಆಗಿದ್ದರೆ ಯಾವ ಟೂಲ್ ತಂದರೂ ಅಷ್ಟೇ.

ಅಂದ ಹಾಗೆ, ಹಿಂದೆ ಡಿಸ್ಕ್ ಇರುವ ಕಾರಿಗೆಲ್ಲ ಪಿಸ್ಟನ್ ತಿರುಗಿಸಬೇಕು ಅಂತಲೂ ಇಲ್ಲ. ನನ್ನ ಹಳೇ ಸುಬಾರುವಿನಲ್ಲಿ ಡಿಸ್ಕಿನ ಹೊಟ್ಟೆಯೊಳಗೇ ಸಣ್ಣ ಡ್ರಮ್ ಇತ್ತು, ಹ್ಯಾಂಡ್‌ಬ್ರೇಕ್ ಶೂ ಅದರಲ್ಲಿ. ಆ ಪಿಸ್ಟನ್ ನೇರ ಒತ್ತಿದರೆ ಒಳಗೆ. ಮುಖದಲ್ಲಿ ಕಚ್ಚು ಇದೆಯೋ ಇಲ್ಲವೋ ನೋಡಿದರೆ ಸಾಮಾನ್ಯವಾಗಿ ಗೊತ್ತಾಗುತ್ತದೆ.

ಪಸಾಟ್_ಪ್ರೇಮಿ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಆದರೆ ಇದನ್ನು ಓದಿ ಯಾರಾದರೂ ಬಟನ್ ಹ್ಯಾಂಡ್‌ಬ್ರೇಕ್ ಇರುವ ಕಾರಿಗೆ ಈ ಪೆಟ್ಟಿಗೆ ತರಬೇಡಿ. ನನ್ನದು 2009ರ ಫೋಕ್ಸ್‌ವ್ಯಾಗನ್ ಪಸಾಟ್, ಕ್ಯಾಲಿಪರ್ ಬೆನ್ನಿಗೇ ಮೋಟಾರ್ ಇದೆ. ಇದರಲ್ಲಿ ಟೂಲ್ ಅಂದರೆ ಲ್ಯಾಪ್‌ಟಾಪ್ ಮತ್ತು ಕೇಬಲ್. ವಿಸಿಡಿಎಸ್ ಅನ್ನೋ ಫೋಕ್ಸ್‌ವ್ಯಾಗನ್ ಸಾಫ್ಟ್‌ವೇರ್‌ನಲ್ಲಿ 53ನೇ ಮಾಡ್ಯೂಲ್‌ಗೆ (ಹ್ಯಾಂಡ್‌ಬ್ರೇಕ್‌ನದು) ಹೋಗಿ, ಬೇಸಿಕ್ ಸೆಟ್ಟಿಂಗ್ಸ್ 007 ಕೊಟ್ಟರೆ ಮೋಟಾರ್ ಗುರ್ ಅಂತ ಹಿಂದೆ ಸರಿಯುತ್ತದೆ. ಆಮೇಲೆ ಪಿಸ್ಟನ್ ನೇರ ಒತ್ತಬೇಕು, ತಿರುಗಿಸಬಾರದು. ಪ್ಯಾಡ್ ಹಾಕಿದ ಮೇಲೆ 006. ಬ್ಯಾಟರಿ ಚೆನ್ನಾಗಿರಲಿ, ಮಧ್ಯದಲ್ಲಿ ಕೈ ಕೊಟ್ಟರೆ ದೇವರೇ ಗತಿ. ಸಿವಿಕ್‌ನವರೇ, ಕ್ಷಮಿಸಿ, ಮುಂದುವರಿಸಿ.

ಕುಂದಾಪ್ರ_ಸಿವಿಕ್:

ಎಲ್ಲರಿಗೂ ಥ್ಯಾಂಕ್ಸ್. ಹನ್ನೆರಡು ದಿನ ಬಿಟ್ಟು ಬರೆಯುತ್ತಿದ್ದೇನೆ, ಯಾಕೆಂದರೆ ಕೆಲಸ ಅಂದುಕೊಂಡ ಹಾಗೆ ಆಗಲಿಲ್ಲ.

ಮೊದಲು ಮೈಸೂರಿನವರು ಹೇಳಿದ ಪರೀಕ್ಷೆ ಮಾಡಿದೆ. ಹೆಂಡತಿಯನ್ನು ಒಳಗೆ ಕೂರಿಸಿ ಎಳೆಸಿದೆ. ಬಲ ಚಕ್ರದ ಲಿವರ್ ಟಪ್ ಅಂತ ವಾಪಸ್ ಬಂತು. ಎಡದ್ದು ಅರ್ಧ ದಾರಿಯಲ್ಲಿ ನಿಂತಿತು, ಒಂದು ನಿಮಿಷ ಕಾದರೂ ಅಲ್ಲೇ. ಕೇಬಲ್ ಬಿಚ್ಚಿ ಕೈಯಲ್ಲಿ ತಿರುಗಿಸಿದರೆ ಲಿವರ್ ಚೆನ್ನಾಗಿ ವಾಪಸ್ ಬರುತ್ತದೆ. ಹೊರಗಿನ ಕವರ್ ಒಂದು ಕಡೆ ಸೀಳಿ ನೀರು ಹೋಗಿ ಕೇಬಲ್ ಒಳಗೇ ತುಕ್ಕು ಹಿಡಿದಿತ್ತು. ಅಂದರೆ ಇಷ್ಟು ದಿನ ಹ್ಯಾಂಡ್‌ಬ್ರೇಕ್ ಹಿಡಿಯುತ್ತಿದ್ದದ್ದು ಬಲದ ಒಂದೇ ಚಕ್ರ. ಎಡದ್ದು ಬಿಡುವುದೂ ಇಲ್ಲ, ಹಿಡಿಯುವುದೂ ಇಲ್ಲ. ಹೊಸ ಕೇಬಲ್ ಮಂಗಳೂರಿನಿಂದ ತರಿಸಿದೆ, ಅದಕ್ಕೇ ಒಂದು ವಾರ.

ಟೂಲ್ ಪೆಟ್ಟಿಗೆಯೇ ತಗೊಂಡೆ. ಹುಬ್ಳಿಯವರೇ, ನಿಮ್ಮ ಮಾತು ಕೇಳಿ ಮೊದಲು ನೋಸ್ ಪ್ಲೈಯರ್ ಪ್ರಯತ್ನ ಮಾಡಿದ್ದು ನಿಜ. ಬಲದ್ದು ಕಾಲು ಸುತ್ತು ಹೋಯಿತು, ಪ್ಲೈಯರ್ ಜಾರಿತು, ಗೆಣ್ಣು ಹೋಯಿತು. ಆಮೇಲೆ ಪೆಟ್ಟಿಗೆ ತೆರೆದೆ. ತಗಡು ಕ್ಯಾಲಿಪರ್ ಬೆರಳಿಗೆ ಸರಿಯಾಗಿ ಒರಗಲಿಲ್ಲ, ಹಳೇ ಪ್ಯಾಡ್ ಒಂದನ್ನು ಮಧ್ಯೆ ಇಟ್ಟೆ, ಆಗ ಗಟ್ಟಿಯಾಗಿ ನಿಂತಿತು. ಆಮೇಲೆ ಐದೇ ನಿಮಿಷ. ಎಡದ್ದಕ್ಕೆ ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು. ಒಂದು ತಪ್ಪು ಮಾಡಿದೆ, ಬ್ರೇಕ್ ಎಣ್ಣೆ ಡಬ್ಬಿ ನೋಡಲಿಲ್ಲ. ಎರಡೂ ಪಿಸ್ಟನ್ ಒಳಗೆ ಹೋದಾಗ ಎಣ್ಣೆ ಮೇಲೆ ಬಂದು ಚೆಲ್ಲಿತು. ಪೇಂಟ್ ತಿನ್ನುತ್ತದೆ ಅಂತ ಗೊತ್ತಿತ್ತು, ಕೂಡಲೇ ನೀರು ಸುರಿದು ತೊಳೆದೆ. ಮೊದಲೇ ಸಿರಿಂಜಿನಲ್ಲಿ ಸ್ವಲ್ಪ ತೆಗೆದಿಡಬೇಕಿತ್ತು.

ಕ್ಯಾಲಿಪರ್ ಆಚೀಚೆ ಜಾರುವ ಪಿನ್‌ಗಳೂ ಒಣಗಿ ಹೋಗಿದ್ದವು, ಒರೆಸಿ ಸಿಲಿಕೋನ್ ಗ್ರೀಸ್ ಹಾಕಿದೆ. ಕಚ್ಚು, ಗುಬುಟು ಎರಡು ಸಲ ನೋಡಿ ಜೋಡಿಸಿದೆ. ಕಾಲಿನ ಬ್ರೇಕ್ ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಟ್ಟೆ, ಆಮೇಲೆ ಹ್ಯಾಂಡ್‌ಬ್ರೇಕ್ ಹತ್ತಿಪ್ಪತ್ತು ಸಲ ಎಳೆದು ಬಿಟ್ಟೆ, ಕಡೆಗೆ ನಟ್ ಬಿಗಿದೆ. ಎರಡೂ ಕಡೆ ಲಿವರ್ ತಡೆಗೆ ತಾಗಿಯೇ ನಿಲ್ಲುತ್ತದೆ. ಮೊದಲು ಹ್ಯಾಂಡ್‌ಬ್ರೇಕ್ ಲಿವರನ್ನು ಹದಿಮೂರು ಹಲ್ಲು (ಕಟ್ ಕಟ್ ಅನ್ನುವ ಸದ್ದು) ಎಳೆಯಬೇಕಿತ್ತು, ಈಗ ಎಂಟಕ್ಕೆ ಹಿಡಿಯುತ್ತದೆ.

ನಿನ್ನೆ ಮಣಿಪಾಲದಲ್ಲಿ ಅದೇ ಚಾ ಅಂಗಡಿ ಎದುರು ನಿಲ್ಲಿಸಿದೆ. ನಿಂತಿತು. ಗೇರ್ ಹಾಕಿದ್ದೆ ಅನ್ನಿ.

ಗ್ರೀಸ್_ಕೈ:

ಭಲೇ. ಒಂದು ಸಾವಿರ ಕಿಲೋಮೀಟರ್ ಆದ ಮೇಲೆ ಲಾಂಗ್ ಡ್ರೈವ್ ಮುಗಿಸಿ ಬಂದಾಗ ಎರಡೂ ಹಿಂದಿನ ಚಕ್ರದ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಆ ಕಡೆ ಎಲ್ಲೋ ಹಿಡಿಯುತ್ತಿದೆ ಅಂತ ಅರ್ಥ.

ಬೈಂದೂರು_ಭಟ್ರು:

ಕುಂದಾಪ್ರದವರೇ, ನಾನು ಬೈಂದೂರು. ನನ್ನದೂ ಸಿವಿಕ್, ಅದೇ ರೋಗ. ಪೆಟ್ಟಿಗೆ ಈ ಭಾನುವಾರಕ್ಕೆ ಎರವಲು ಸಿಕ್ಕೀತಾ?

ಕುಂದಾಪ್ರ_ಸಿವಿಕ್:

ಬನ್ನಿ ಭಟ್ರೇ. ಕಲ್ಲೂ ಇದೆ, ಬೇಕಾದರೆ ಅದನ್ನೂ ತಗೊಂಡು ಹೋಗಿ.