ಕಫದ ಡಬ್ಬಿ ಯಾರು ಒಯ್ಯುತ್ತೀರಿ?

ಮನೆ 22, ಬೆಳಿಗ್ಗೆ 5:40
ರಾತ್ರಿಯೆಲ್ಲ ನಮ್ಮಪ್ಪ ಕೆಮ್ಮಿದ್ದು ನಿಮಗೆಲ್ಲ ಕೇಳಿಸಿರಬೇಕು. 3 ಗಂಟೆಗೆ ಟವೆಲ್ ಮೇಲೆ ರಕ್ತದ ಎಳೆ. ಇದು 5 ವಾರದ ಕೆಮ್ಮು. ಟ್ಯಾಂಕ್ ಪಕ್ಕದ ಆರೋಗ್ಯ ಕೇಂದ್ರ ಇದ್ದಿದ್ದರೆ ನಡೆದುಕೊಂಡೇ ಹೋಗಿ ತೋರಿಸಿರುತ್ತಿದ್ದೆವು. ಈಗ ಎರಡು ಬಸ್. ಮೊನ್ನೆ ಹೇಗೋ ಹೋದೆವು. ಟಿಬಿ ಪರೀಕ್ಷೆಗೆ ಒಂದು ಕಫ ಅಲ್ಲೇ ತಗೊಂಡರು. ಇನ್ನೊಂದು ಡಬ್ಬಿ ಕೊಟ್ಟು, ಬೆಳಿಗ್ಗೆ ಎದ್ದ ತಕ್ಷಣದ್ದು ತನ್ನಿ ಎಂದರು. ಅಪ್ಪನಿಗೆ ಮೆಟ್ಟಿಲು ಇಳಿಯೋಕೂ ಆಗಲ್ಲ, ಬಿಟ್ಟು ಹೋಗೋಕೆ ನನಗೂ ಆಗಲ್ಲ. ಕೇಂದ್ರ ಎತ್ತಿಸಿದವರು ಈಗ ಬಾಯಿ ಬಿಡಲಿ.

ಮನೆ 7, 6:02
ಕಾರ್ಯದರ್ಶಿಯಾಗಿ ಹೇಳುತ್ತೇನೆ. ಎತ್ತಿಸಿದ್ದು ನಾವಲ್ಲ. ಬಾಡಿಗೆ ಕರಾರು ಮುಗಿಯಿತು, ಅಷ್ಟೇ. ಕಾಗದ ನನ್ನ ಹತ್ತಿರ ಇದೆ.

ಮನೆ 15
ಕಾಗದ ಇರಲಿ ಸರ್. ‘ಕೆಮ್ಮುವವರು ಮಕ್ಕಳು ಆಡುವ ಜಾಗದಲ್ಲಿ ಸಾಲು ನಿಲ್ಲುತ್ತಾರೆ’ ಅಂತ ಸಹಿ ಹಾಕಿಸಿದ್ದು ಯಾರು?

ಮನೆ 7
4ನೇ ಸಹಿ ನಿಮ್ಮದೇ.

ಮನೆ 15
ಕಸದ ಅರ್ಜಿ ಅಂತ ಹೇಳಿ ಹಾಕಿಸಿಕೊಂಡಿರಿ!

ಮನೆ 30
*ಫಾರ್ವರ್ಡ್* ದಿನಾ 3 ನಿಮಿಷ ಉಸಿರು ಬಿಗಿಹಿಡಿದರೆ ಶ್ವಾಸಕೋಶ ಶುದ್ಧ!! 10 ಗುಂಪುಗಳಿಗೆ ಕಳಿಸಿ 🙏

ಮನೆ 11
ಅಂಕಲ್, ಅದನ್ನು ದಯವಿಟ್ಟು ಅಳಿಸಿ. 22ರ ಅಕ್ಕಾ, ರಕ್ತ ಜಾಸ್ತಿ ಬಂದರೆ ಯಾವ ಡಬ್ಬಿಗೂ ಕಾಯಬೇಡಿ, ನೇರ ತುರ್ತು ಚಿಕಿತ್ಸೆಗೆ ಹೋಗಿ. ಉಳಿದಂತೆ ಅಪ್ಪ ಹೋಗಬೇಕಿಲ್ಲ, ಡಬ್ಬಿ ಹೋದರೆ ಸಾಕು. ಮುಚ್ಚಳ ಬಿಗಿಯಾಗಿರಲಿ, ಬಿಸಿಲು ತಾಗದಿರಲಿ, ಹೆಸರು ಬರೆಯಿರಿ. ಜೀನ್‌ಎಕ್ಸ್‌ಪರ್ಟ್ ಯಂತ್ರಕ್ಕೆ ಹಾಕಿದರೆ 2 ಗಂಟೆಯೊಳಗೆ ಟಿಬಿ ಹೌದೋ ಅಲ್ಲವೋ ಗೊತ್ತಾಗುತ್ತದೆ. ಟಿಬಿಯ ಮುಖ್ಯ ಔಷಧಿ ರಿಫಾಂಪಿಸಿನ್‌ಗೆ ಬಗ್ಗುತ್ತದೋ ಇಲ್ಲವೋ ಅನ್ನೋದೂ ತಿಳಿಯುತ್ತದೆ. 2 ವಾರ ಕೆಮ್ಮಿದರೆ ಕಫ ತೋರಿಸಿ ಅಂತ ವಾರ್ಡಿನಲ್ಲಿ ದಿನಾ ಹೇಳುವವಳು ನಾನು. ಗೋಡೆಯಾಚೆ ಕೇಳಿಸುತ್ತಿದ್ದರೂ ನಿಮಗೆ ಹೇಳಲಿಲ್ಲ.

ಮನೆ 19
ನಮ್ಮ ಪಾಪು ಅವರ ಮನೆಯಲ್ಲೇ ಆಡುತ್ತೆ. ಲೋಟ ತಟ್ಟೆಯಿಂದ ಬರುತ್ತಾ?

ಮನೆ 11
ತಟ್ಟೆಯಿಂದಲ್ಲ, ಗಾಳಿಯಿಂದ. ಟಿಬಿ ಅಂತ ಬಂದರೆ ಪಾಪುವನ್ನೂ ತೋರಿಸಿ. ಕಿಟಕಿ ತೆಗೆದಿಡಿ. ಸರಿಯಾದ ಔಷಧಿ ಶುರುವಾದರೆ ಹರಡುವುದು ಬೇಗ ಕಡಿಮೆಯಾಗುತ್ತದೆ. ಆದರೆ ಸಾಮಾನ್ಯವಾಗಿ 6 ತಿಂಗಳು ತಪ್ಪದೆ ನುಂಗಬೇಕು. ಮಾತ್ರೆ ತರೋಕೂ ಅದೇ ಎರಡು ಬಸ್ ಅಲ್ವಾ? ಸರದಿ ಮಾಡಿಕೊಳ್ಳೋಣ, ಪ್ರತಿ ಸಲ ಒಬ್ಬೊಬ್ಬರು.

ಮನೆ 7
ಒಳ್ಳೆ ಸಲಹೆ. ಸರದಿ ಪಟ್ಟಿಗೆ ಮೊದಲು ಉಪಸಮಿತಿ ಆಗಬೇಕು. ಎಲ್ಲದಕ್ಕೂ ಒಂದು ಕ್ರಮ ಇರುತ್ತೆ.

ಮನೆ 26
ಇಲ್ಲಿ ಯಾರಿಗೂ ಹೇಳಿರಲಿಲ್ಲ. ನಮ್ಮ ಅಣ್ಣನಿಗೆ ಆಗಿತ್ತು. ಮಾತ್ರೆ ಪುಕ್ಕಟೆಯೇ, ಆದರೆ ತರೋಕೆ ಹೋದ ದಿನ ಕೂಲಿ ಇಲ್ಲ. ಮಾತ್ರೆ ಶುರುವಾದ ಮೇಲೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು, ರಕ್ತ ಅಂದುಕೊಂಡು ಹೆದರಿ ಮಾತ್ರೆ ಬಿಟ್ಟ. ಅದು ರಿಫಾಂಪಿಸಿನ್ ಬಣ್ಣ, ಏನೂ ಆಗಲ್ಲ ಅನ್ನೋಕೆ ಹತ್ತಿರದಲ್ಲಿ ಒಬ್ಬರೂ ಇರಲಿಲ್ಲ. ಮತ್ತೆ ಶುರು ಮಾಡುವಾಗ ಮೊದಲಿನ ಔಷಧಿಗೆ ಬಗ್ಗಲಿಲ್ಲ.

ಮನೆ 30
ಆ ಕಾಲದಲ್ಲಿ ಉಸಿರಾಟದ ವ್ಯಾಯಾಮ ಮಾಡಿಸಬೇಕಿತ್ತು.

ಮನೆ 31, 6:48
ನನ್ನ ಕೆಲಸ ಆ ಕಡೆಯೇ. 7ಕ್ಕೆ ಹೊರಡುತ್ತೇನೆ, ಡಬ್ಬಿ ನಾನು ಒಯ್ಯುತ್ತೇನೆ. ಆದರೆ ನನ್ನ ಬೈಕಿಗೆ ಯಾರೋ ಕಾರು ಅಡ್ಡ ನಿಲ್ಲಿಸಿದ್ದಾರೆ.

ಮನೆ 7
ಯಾರದು? ನಂಬರ್ ಹಾಕಿ! ಇದನ್ನೇ ಮೂರು ಸಭೆಯಲ್ಲಿ ಬಡಿದುಕೊಂಡಿದ್ದೇನೆ.

ಮನೆ 15
ನಿಮ್ಮ ಅಳಿಯಂದು ಸರ್.

ಮನೆ 30
😂😂😂

ಮನೆ 7
ನೆಂಟರಿಗೆ ಜಾಗ ಗುರುತು ಮಾಡಿ ಅಂತ ಹೇಳಿದ್ದು ಇದಕ್ಕೇ. ಭಾನುವಾರ 11ಕ್ಕೆ ಪಾರ್ಕಿಂಗ್ ಸಭೆ.

ಮನೆ 19
👍 ನಮ್ಮ ಮನೆ ಮುಂದೆಯೂ ಒಂದು ನಿಂತಿದೆ, 2 ತಿಂಗಳಾಯಿತು.

ಮನೆ 4
👍 ಫೋಟೊ ಹಾಕ್ತೀನಿ.

ಮನೆ 22, 7:25
ಡಬ್ಬಿ ಹಿಡಿದು ಗೇಟಿನ ಹತ್ತಿರ ನಿಂತಿದ್ದೇನೆ. 31ರವರು ಹೊರಟುಬಿಟ್ಟರಾ?

ಮನೆ 7, 7:26
ಗೇಟಿನಿಂದ ಸ್ವಲ್ಪ ಪಕ್ಕಕ್ಕೆ ನಿಲ್ಲಿ. ಅಳಿಯ ಕಾರು ತೆಗೆಯುತ್ತಿದ್ದಾರೆ.